ಕಣ್ಣಿಗೆ ಕಾಣದ ಅಂಗವೈಕಲ್ಯ, ಪಕ್ಕದಲ್ಲಿ ಸರ್ವಿಸ್ ಡಾಗ್: ಅಮೆರಿಕದ ಹೋಟೆಲು, ಕೂಟ, ದೇವಸ್ಥಾನದ ಬಾಗಿಲಲ್ಲಿ ಏನು ಕೇಳಬಹುದು?

ಬಾಳೆಎಲೆ_ನ್ಯೂಜೆರ್ಸಿ
ಅಮೆರಿಕದಲ್ಲಿ ರೆಸ್ಟೋರೆಂಟ್ ನಡೆಸೋರಿಗೆ, ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಬಾಗಿಲು ನೋಡಿಕೊಳ್ಳೋ ಸ್ವಯಂಸೇವಕರಿಗೆ ಉಪಯೋಗ ಆಗಲಿ ಅಂತ ಈ ಎಳೆ ಶುರು ಮಾಡ್ತಿದ್ದೀನಿ. ಕಣ್ಣು ಕಾಣದವರ ಜೊತೆ ನಾಯಿ ಬಂದರೆ ಯಾರೂ ಚಕಾರ ಎತ್ತಲ್ಲ. ಅದೇ ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ, ಕೈಲಿ ಕೋಲಿಲ್ಲ, ಗಾಲಿಕುರ್ಚಿ ಇಲ್ಲ, ಪಕ್ಕದಲ್ಲೊಂದು ಲ್ಯಾಬ್ರಡಾರ್ ಅಂದರೆ ಪಿಸುಮಾತು ಶುರು: "ನೋಡೋಕೆ ಚೆನ್ನಾಗೇ ಇದ್ದಾರಲ್ಲ, ಇವರಿಗೇನಾಗಿದೆ?" ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡೋ ಮಾನಸಿಕ ತೊಂದರೆ), ಮೂರ್ಛೆರೋಗ, ಸಕ್ಕರೆ ಕಾಯಿಲೆ ಯಾವುದೂ ಮುಖದ ಮೇಲೆ ಬರೆದಿರಲ್ಲ. ಸಿಬ್ಬಂದಿ ಏನು ಕೇಳಬಹುದು, ಏನು ಕೇಳಬಾರದು, ಯಾವಾಗ ಹೊರಗೆ ಕಳಿಸಬಹುದು? ತಿಳಿದವರು ಬಿಡಿಸಿ ಹೇಳಿ. ಅನುಭವ ಕಥನ ಬೇಡ, ಕೆಲಸಕ್ಕೆ ಬರೋದು ಬೇಕು.

ಕಾನೂನುಕಟ್ಟೆ
ಮೂಲ ಕಾಯ್ದೆ ಎಡಿಎ (ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್, ಅಂಗವಿಕಲರ ಹಕ್ಕುಗಳ ಕಾಯ್ದೆ), 1990ರದ್ದು. ನಾಯಿಗಳ ಬಗ್ಗೆ ಈಗಿರುವ ನಿಯಮವನ್ನು ನ್ಯಾಯಾಂಗ ಇಲಾಖೆ 2010ರಲ್ಲಿ ಪ್ರಕಟಿಸಿತು, 2011ರ ಮಾರ್ಚ್ 15ರಿಂದ ಜಾರಿಗೆ ಬಂತು. ಅದರ ಪ್ರಕಾರ ಸರ್ವಿಸ್ ಅನಿಮಲ್ ಅಂದರೆ ನಾಯಿ ಮಾತ್ರ. (ಕುಳ್ಳ ಕುದುರೆಗೆ ಬೇರೆಯದೇ ಒಂದು ಕಲಮು ಇದೆ. ಹೌದು, ನಿಜವಾಗಿಯೂ.) ಅಂಗವೈಕಲ್ಯ ದೇಹದ್ದಾಗಿರಲಿ, ಮನಸ್ಸಿನದ್ದಾಗಿರಲಿ, ಅದಕ್ಕೆ ಸಂಬಂಧಪಟ್ಟ ನಿರ್ದಿಷ್ಟ ಕೆಲಸವೊಂದನ್ನು ಆ ನಾಯಿಗೆ ಕಲಿಸಿರಬೇಕು. ಇಲಾಖೆಯೇ ಕೊಡುವ ಉದಾಹರಣೆಗಳಲ್ಲಿ ಪಿಟಿಎಸ್‌ಡಿ ಇರುವವರಿಗೆ ಆತಂಕ ಉಕ್ಕಿದಾಗ ಶಾಂತಗೊಳಿಸುವುದೂ ಒಂದು. ಹಾಗಾಗಿ "ಮಾನಸಿಕ ಕಾಯಿಲೆಗೆಲ್ಲ ನಾಯಿ ನಡೆಯಲ್ಲ" ಎನ್ನುವ ವಾದಕ್ಕೆ ಆಧಾರವಿಲ್ಲ.

ನಾಯಿಯ ಕೆಲಸ ಏನೆಂದು ನೋಡಿದರೆ ಗೊತ್ತಾಗದಿದ್ದಾಗ ಎರಡೇ ಪ್ರಶ್ನೆ ಕೇಳಬಹುದು:

ಒಂದು, ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ?
ಎರಡು, ಇದಕ್ಕೆ ಯಾವ ಕೆಲಸ ಕಲಿಸಲಾಗಿದೆ?

ಕಾಯಿಲೆ ಏನೆಂದು ಕೇಳುವಂತಿಲ್ಲ, ಕಾಗದ ಪತ್ರ ಕೇಳುವಂತಿಲ್ಲ, "ಎಲ್ಲಿ, ಮಾಡಿ ತೋರಿಸಿ" ಎನ್ನುವಂತಿಲ್ಲ. ಜಾಕೆಟ್ ಕಡ್ಡಾಯವಲ್ಲ. ತಳಿ ನೋಡಿ ತಡೆಯುವಂತಿಲ್ಲ, ಪಿಟ್‌ಬುಲ್ ನಿಷೇಧಿಸಿರುವ ಊರಲ್ಲೂ ಸರ್ವಿಸ್ ಡಾಗ್‌ಗೆ ವಿನಾಯಿತಿ ಕೊಡಬೇಕು. ಬೇರೆ ಗಿರಾಕಿಗೆ ಅಲರ್ಜಿ, ಬೇರೆ ಗಿರಾಕಿಗೆ ಹೆದರಿಕೆ, ಇವೆರಡೂ ಒಳಗೆ ಬಿಡದಿರಲು ಕಾರಣ ಆಗುವುದಿಲ್ಲ. ಅಲರ್ಜಿ ಇರುವವರನ್ನು ಹಾಲ್‌ನ ಇನ್ನೊಂದು ತುದಿಯಲ್ಲಿ ಕೂರಿಸಿ ಇಬ್ಬರಿಗೂ ಅನುಕೂಲ ಮಾಡಿಕೊಡಬೇಕು.

ಹೊರಗೆ ಕಳಿಸಲು ಮುಖ್ಯವಾಗಿ ಎರಡು ಸಂದರ್ಭ. ನಾಯಿ ಹಿಡಿತ ತಪ್ಪಿದ್ದು, ಯಜಮಾನರು ಅದನ್ನು ಹಿಡಿತಕ್ಕೆ ತರುತ್ತಿಲ್ಲ ಎಂದಾಗ. ಅಥವಾ ಒಳಗೆ ಹೇಸಿಗೆ ಮಾಡಿದಾಗ. ಹಾಗಾದರೂ ಕಳಿಸಬೇಕಾದ್ದು ನಾಯಿಯನ್ನು ಮಾತ್ರ. "ನಾಯಿ ಹೊರಗಿದ್ದರೆ ನಿಮಗೆ ಊಟ ಕೊಡಲು ತಯಾರಿದ್ದೇವೆ" ಎಂದು ಹೇಳಲೇಬೇಕು.

ಗುಲ್ಬರ್ಗಾದಂವ
ಎಲ್ಲಾ ಖರೆ ಸರ್, ಆದ್ರ ಕಾಗದಾನೂ ಕೇಳಂಗಿಲ್ಲ, ಜಾಕೆಟ್ಟೂ ಬೇಕಾಗಿಲ್ಲ ಅಂದ್ರ ಸುಳ್ಳು ಹೇಳವ್ರಿಗೆ ಬಾಗ್ಲಾ ತಗದಿಟ್ಟಂಗ ಆತಲ್ಲ? ಆನ್‌ಲೈನ್‌ನಾಗ ರೊಕ್ಕಾ ಕೊಟ್ರ ಐಡಿ ಕಾರ್ಡ್, ಸರ್ಟಿಫಿಕೇಟ್, ಕೆಂಪು ಜಾಕೆಟ್ ಎಲ್ಲಾ ಮನಿಗೆ ಬರ್ತಾವ. ಅಂಗಡಿ ಟ್ರಾಲಿಯೊಳಗ ಕುಂತಿರೂ ಸಣ್ಣ ನಾಯಿಗೂ "ಸರ್ವಿಸ್ ಡಾಗ್" ಪಟ್ಟಿ. ಜನ ಸಂಶಯ ಪಡೂದ್ರಾಗ ತಪ್ಪೇನೈತಿ?

ಕಾನೂನುಕಟ್ಟೆ
@ಗುಲ್ಬರ್ಗಾದಂವ, ಸಂಶಯಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಆದರೆ ಆ ಕಾರ್ಡುಗಳಿಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಫೆಡರಲ್ ಸರ್ಕಾರದ ನೋಂದಣಿ ಪಟ್ಟಿ ಅಂತ ಒಂದು ಇಲ್ಲವೇ ಇಲ್ಲ. ಹಾಗಿರುವಾಗ ಕಾರ್ಡ್ ಕೇಳುವ ಹೋಟೆಲು ಏನು ಮಾಡಿದಂತಾಯಿತು? ಕಾರ್ಡ್ ಕೊಂಡುಕೊಂಡವನನ್ನು ಒಳಗೆ ಬಿಟ್ಟು, ಎರಡು ವರ್ಷ ತರಬೇತಿ ಕೊಟ್ಟು ಕಾರ್ಡ್ ಇಲ್ಲದೆ ಬಂದವರನ್ನು ಹೊರಗೆ ನಿಲ್ಲಿಸಿದಂತಾಯಿತು.

ಸುಳ್ಳು ಹೇಳಿದರೆ ಶಿಕ್ಷೆ ಇದೆ, ಅದು ರಾಜ್ಯಗಳ ಕಾನೂನಿನಲ್ಲಿ. ಫ್ಲಾರಿಡಾದಲ್ಲಿ 2015ರಿಂದ 60 ದಿನದವರೆಗೆ ಜೈಲು, 500 ಡಾಲರ್ ವರೆಗೆ ದಂಡ, ಜೊತೆಗೆ 30 ಗಂಟೆ ಸಮಾಜಸೇವೆ. ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು, 1,000 ಡಾಲರ್ ವರೆಗೆ. ಆದರೆ ಅದನ್ನು ಪತ್ತೆ ಹಚ್ಚುವುದು ಸಪ್ಲೈಯರ್ ಕೆಲಸವಲ್ಲ. ಸಪ್ಲೈಯರ್ ನೋಡಬೇಕಾದ್ದು ನಾಯಿಯ ನಡವಳಿಕೆ. ಟ್ರಾಲಿಯ ವಿಷಯ: ನಾಯಿ ನೆಲದ ಮೇಲಿರಬೇಕು ಅಥವಾ ಯಜಮಾನರು ಎತ್ತಿಕೊಂಡಿರಬೇಕು ಎನ್ನುವುದೇ ಸಾಮಾನ್ಯ ನಿಯಮ. ಟ್ರಾಲಿಯಲ್ಲಿ ಕೂರಿಸಲು ಅಂಗಡಿಯವರು ಒಪ್ಪಲೇಬೇಕು ಎಂದೇನಿಲ್ಲ.

ಬೆಲ್ಟ್_ಬಿಸ್ಕತ್ತು
ನಾಯಿ ತರಬೇತಿ ಕಡೆಯಿಂದ ಎರಡು ಮಾತು. "ಎರಡನೇ ಪ್ರಶ್ನೆ"ಗೆ ಬರೋ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತೆ. "ಇದು ಜೊತೇಲಿದ್ರೆ ನಂಗೆ ಸಮಾಧಾನ" ಅಂದರೆ ಅದು ಎಮೋಷನಲ್ ಸಪೋರ್ಟ್ ನಾಯಿ, ಎಡಿಎ ಒಳಗೆ ಬರಲ್ಲ. "ನಂಗೆ ಆತಂಕ ಏರ್ತಿದ್ದ ಹಾಗೆ ಮೂತಿಯಿಂದ ತಿವಿದು ಎಚ್ಚರಿಸುತ್ತೆ" ಅಂದರೆ ಅದು ಕಲಿಸಿದ ಕೆಲಸ. ಸುಮ್ಮನೆ ಜೊತೆಗಿರೋದು, ಕಳ್ಳಕಾಕರು ಹೆದರಲಿ ಅಂತ ಇಟ್ಟುಕೊಂಡಿರೋದು, ಎರಡೂ ಕೆಲಸ ಅಲ್ಲ ಅಂತ ನಿಯಮದಲ್ಲೇ ಬರೆದಿದೆ.

ಪಿಟಿಎಸ್‌ಡಿ ನಾಯಿಗಳಿಗೆ ಸಾಮಾನ್ಯವಾಗಿ ಕಲಿಸೋದು ಇವು: ಕಾಲು ಕುಣಿಸೋದು, ಉಗುರು ಕಚ್ಚೋದು, ಮುಖ ಮುಚ್ಚಿಕೊಳ್ಳೋದು ಕಂಡ ಕೂಡಲೇ ತಿವಿಯೋದು, ತೊಡೆ ಮೇಲೆ ಅಥವಾ ಎದೆ ಮೇಲೆ ಮೈಭಾರ ಹಾಕಿ ಒರಗೋದು, ಕೆಟ್ಟ ಕನಸಿಂದ ಎಬ್ಬಿಸೋದು, ಕ್ಯೂನಲ್ಲಿ ಬೆನ್ನ ಹಿಂದೆ ಅಡ್ಡ ನಿಂತು ಜನರು ಮೈಗೆ ತಾಗದ ಹಾಗೆ ಜಾಗ ಮಾಡಿಕೊಡೋದು, ಹೇಳಿದಾಗ ಹೊರಬಾಗಿಲ ಕಡೆ ಕರೆದುಕೊಂಡು ಹೋಗೋದು, ಮಾತ್ರೆ ಚೀಲ ತಂದುಕೊಡೋದು.

ಮೈಭಾರ ಹಾಕೋದನ್ನ ಕಲಿಸೋ ಕ್ರಮ ಹೀಗೆ. ಮೊದಲು ಕುರ್ಚಿ ಮೇಲೆ ಕೂತು ಮುಂಗಾಲು ತೊಡೆ ಮೇಲೆ ಇಡೋಕೆ ಕಲಿಸಿ. ಆಮೇಲೆ ಗದ್ದ ಕೆಳಗಿಡೋವರೆಗೂ ಬಿಸ್ಕತ್ತು ತಡೆಹಿಡೀರಿ. ಗದ್ದ ಇಟ್ಟ ಮೇಲೆ 5 ಸೆಕೆಂಡು, 15, 30, ಹಾಗೇ ಒಂದೆರಡು ನಿಮಿಷ. ಅದು ಗಟ್ಟಿಯಾದ ಮೇಲೆ ಬಾಯಿಮಾತಿನ ಆಜ್ಞೆ ಬಿಟ್ಟು ದೇಹದ ಸೂಚನೆಗೆ ಜೋಡಿಸಬೇಕು: ಮೊದಲು ಮುಖ ಮುಚ್ಚಿಕೊಳ್ಳಿ, ತಕ್ಷಣ ಆಜ್ಞೆ ಕೊಡಿ. ಮುಖ ಮುಚ್ಚಿದ ಕೂಡಲೇ ನಾಯಿ ತಾನಾಗೇ ಬರೋ ತನಕ ಇದು ಸಾಗಬೇಕು. ಇಲ್ಲಿ ಸಾಮಾನ್ಯವಾಗಿ ಕೆಡೋದು ಏನಂದ್ರೆ, ನಾಯಿ ಬಿಸ್ಕತ್ತಿನ ಆಸೆಗೆ ಸುಮ್‌ಸುಮ್ನೆ ಬಂದು ತೊಡೆ ಏರುತ್ತೆ, ಯಜಮಾನರು ಮುದ್ದಾಗಿದೆ ಅಂತ ಅದಕ್ಕೂ ಕೊಡ್ತಾರೆ. ಆಮೇಲೆ ಸೂಚನೆ ಯಾವುದು, ಲಂಚ ಯಾವುದು ಇಬ್ಬರಿಗೂ ಗೊತ್ತಾಗಲ್ಲ.

ಕನಸಿಂದ ಎಬ್ಬಿಸೋದು ಎಲ್ಲಕ್ಕಿಂತ ಕಷ್ಟ. ನಿದ್ದೆಯಲ್ಲಿರೋರು ಬಿಸ್ಕತ್ತು ಕೊಡೋಕಾಗಲ್ಲವಲ್ಲ. ಹೊರಳಾಡೋದನ್ನ, ನರಳೋದನ್ನ ಹಗಲಲ್ಲಿ ನಟಿಸಿ ಕಲಿಸಬೇಕು, ರಾತ್ರಿ ನಾಯಿ ಮಲಗೋ ಜಾಗ ಮಂಚದ ಪಕ್ಕದಲ್ಲೇ ಇರಬೇಕು. ಬೆಚ್ಚಿ ಏಳೋರು ಕೈ ಬೀಸಬಹುದು. ಅದಕ್ಕೇ ಮುಖದ ಹತ್ತಿರ ಬಿಡದೆ ಕೈ ಅಥವಾ ಕಾಲಿಂದ ಶುರು ಮಾಡಿಸ್ತಾರೆ.

ಬೆನ್ನ ಹಿಂದೆ ನಿಲ್ಲೋ ಕೆಲಸದಲ್ಲಿ ಅಪಾಯ ಇದೆ. ಯಜಮಾನರ ಮೈ ಬಿಗಿಯೋದು ಬೆಲ್ಟ್ ಮೂಲಕ ನಾಯಿಗೆ ಗೊತ್ತಾಗುತ್ತೆ. ಸರಿಯಾಗಿ ಕಲಿಸದಿದ್ದರೆ ನಿಲ್ಲೋದು ಹೋಗಿ ಕಾವಲು ಕಾಯೋದು ಆಗುತ್ತೆ: ದಿಟ್ಟಿಸಿ ನೋಡೋದು, ಗುರ್ ಅನ್ನೋದು. ಅಲ್ಲಿಗೆ ಅದು ಸರ್ವಿಸ್ ಡಾಗ್ ಆಗಿ ಉಳಿಯಲ್ಲ. ಒಳ್ಳೆ ತರಬೇತುದಾರರು ಸಂಶಯದ ಸ್ವಭಾವದ ಮರಿಯನ್ನ ಈ ಕೆಲಸಕ್ಕೆ ಆರಿಸೋದೇ ಇಲ್ಲ. ಲ್ಯಾಬ್ರಡಾರ್, ಗೋಲ್ಡನ್, ಸ್ಟ್ಯಾಂಡರ್ಡ್ ಪೂಡಲ್ ಹೆಚ್ಚು ಕಾಣೋದು ಇದಕ್ಕೇ.

ಬಾಳೆಎಲೆ_ನ್ಯೂಜೆರ್ಸಿ
ಎಷ್ಟು ಕಾಲ ಹಿಡಿಯುತ್ತೆ? ಖರ್ಚು?

ಬೆಲ್ಟ್_ಬಿಸ್ಕತ್ತು
ಕಾನೂನಲ್ಲಿ ಇಷ್ಟೇ ಗಂಟೆ ಅಂತಿಲ್ಲ, ಸ್ವಂತವಾಗಿ ಮನೆಯಲ್ಲೇ ಕಲಿಸೋಕೂ ಅವಕಾಶ ಇದೆ. ಸರ್ವಿಸ್ ಡಾಗ್ ಇಟ್ಟುಕೊಂಡಿರೋರ ಸಂಘಟನೆ ಐಎಎಡಿಪಿ ಹಾಕಿಕೊಂಡಿರೋ ಕನಿಷ್ಠ ಮಟ್ಟ: ಆರು ತಿಂಗಳಿಗೆ ಕಡಿಮೆ ಇಲ್ಲದ ಅವಧಿಯಲ್ಲಿ 120 ಗಂಟೆ, ಅದರಲ್ಲಿ 30 ಗಂಟೆ ಜನ ಓಡಾಡೋ ಜಾಗಗಳಲ್ಲಿ. ಸಂಸ್ಥೆಗಳು ಮರಿಯಿಂದ ಬೆಳೆಸಿ ಕೊಡೋ ಹೊತ್ತಿಗೆ ನಾಯಿಗೆ ಸುಮಾರು ಎರಡು ವರ್ಷ ಆಗಿರುತ್ತೆ. ಖರ್ಚು ಒಂದು ನಾಯಿಗೆ 20 ಸಾವಿರ ಡಾಲರಿಗೂ ಮೇಲೆ ಹೋಗೋದು ಮಾಮೂಲು. ಹಲವು ಸಂಸ್ಥೆಗಳು ಮಾಜಿ ಸೈನಿಕರಿಗೆ ಉಚಿತವಾಗಿ ಕೊಡ್ತವೆ, ಆದ್ರೆ ಸರದಿ ಉದ್ದ. ಇನ್ನೂ ಕಲೀತಿರೋ ನಾಯಿಗೆ ಎಡಿಎ ರಕ್ಷಣೆ ಇಲ್ಲ, ಅದನ್ನ ಎಲ್ಲೆಲ್ಲಿ ಬಿಡಬೇಕು ಅನ್ನೋದು ಆಯಾ ರಾಜ್ಯದ ಕಾನೂನು.

ಗುಲ್ಬರ್ಗಾದಂವ
ನಾಯಿಯಿಂದ ಪಿಟಿಎಸ್‌ಡಿ ಕಡಿಮಿ ಆಗತೈತಿ ಅನ್ನೂದಕ್ಕ ಪುರಾವೆ ಐತೇನು? ಇಲ್ಲಾ ಬರೇ ಟೀವಿ ಸುದ್ದಿಯೇನು?

ಮನೋಲಹರಿ
ಪುರಾವೆ ಇದೆ, ಆದರೆ ಪ್ರಚಾರದಲ್ಲಿ ಹೇಳುವಷ್ಟು ನೇರವಾಗಿಲ್ಲ. ಪಿಟಿಎಸ್‌ಡಿ ಅಧಿಕೃತ ರೋಗಪಟ್ಟಿಗೆ ಸೇರಿದ್ದೇ 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ನಂತರ. ನಾಯಿಗಳ ಬಗೆಗಿನ ಗಂಭೀರ ಅಧ್ಯಯನಗಳು ಇನ್ನೂ ಈಚಿನವು. ಮಾಜಿ ಸೈನಿಕರ ಇಲಾಖೆ ವಿಎ ತಾನೇ ಒಂದು ಹೋಲಿಕೆ ಅಧ್ಯಯನ ಮಾಡಿತು: ಒಂದು ಗುಂಪಿಗೆ ತರಬೇತಾದ ಸರ್ವಿಸ್ ಡಾಗ್, ಇನ್ನೊಂದಕ್ಕೆ ಬರೀ ಎಮೋಷನಲ್ ಸಪೋರ್ಟ್ ನಾಯಿ. ರೋಗಲಕ್ಷಣಗಳಲ್ಲಿ ಮೊದಲ ಗುಂಪಿಗೆ ಸ್ವಲ್ಪ ಹೆಚ್ಚಿನ ಅನುಕೂಲ ಕಂಡಿತು. ಜೀವನದ ಗುಣಮಟ್ಟ, ದಿನನಿತ್ಯದ ಕಾರ್ಯಕ್ಷಮತೆ ಈ ಅಳತೆಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. 2024ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ನಾಯಿ ಪಡೆದವರಿಗೆ, ಸರದಿಯಲ್ಲಿ ಕಾಯುತ್ತಿದ್ದವರಿಗಿಂತ ಮೂರು ತಿಂಗಳಲ್ಲಿ ಲಕ್ಷಣಗಳು ಕಡಿಮೆಯಾಗಿದ್ದವು. ಅಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಂಡು ಓದಬೇಕು.

ಚಿಕಿತ್ಸಕರಲ್ಲೂ ಒಂದು ಭಿನ್ನಮತ ಇದೆ. ಪಿಟಿಎಸ್‌ಡಿಗೆ ಮೊದಲ ಸಾಲಿನ ಚಿಕಿತ್ಸೆಗಳಲ್ಲೊಂದು, ಹೆದರಿ ದೂರವಿಟ್ಟ ಸನ್ನಿವೇಶಗಳಿಗೆ ಹಂತ ಹಂತವಾಗಿ ಮರಳುವುದು. ಪ್ರತಿ ಕೋಣೆಗೂ ಮೊದಲು ನಾಯಿ ಹೋಗಿ ಪರೀಕ್ಷಿಸಿ ಬಂದರೆ "ಕೋಣೆಯಲ್ಲಿ ಅಪಾಯ ಇದ್ದೇ ಇರುತ್ತದೆ" ಎಂಬ ನಂಬಿಕೆಗೆ ನಾವೇ ನೀರೆರೆದಂತೆ ಆಗುವುದಿಲ್ಲವೇ ಎಂಬುದು ಕೆಲವರ ಆಕ್ಷೇಪ. ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರವಾಗಿ, ಮನೆಯಿಂದ ಹೊರಗೆ ಕಾಲಿಡದವರು ನಾಯಿಯ ಜೊತೆ ಅಂಗಡಿಗೆ ಹೋಗಲು ಶುರು ಮಾಡಿದರೆ ಅದೇ ಮೊದಲ ಹಂತ ಎನ್ನುತ್ತಾರೆ ಇನ್ನು ಕೆಲವರು. ನನ್ನ ಒಲವು ಎರಡನೆಯದರ ಕಡೆಗಿದೆ, ಚಿಕಿತ್ಸೆ ನಿಲ್ಲಿಸದಿದ್ದರೆ ಮಾತ್ರ. 2021ರ ಆಗಸ್ಟ್ 25ರಂದು ಸಹಿಯಾದ ಪಾಸ್ (PAWS) ಕಾಯ್ದೆ ಇನ್ನೊಂದು ದಾರಿ ಹಿಡಿದಿದೆ: ಪಿಟಿಎಸ್‌ಡಿ ಇರುವ ಮಾಜಿ ಸೈನಿಕರು ನಾಯಿಗೆ ತರಬೇತಿ ಕೊಡುವುದನ್ನೇ ಚಿಕಿತ್ಸೆಯಾಗಿ ಬಳಸುವ ಐದು ವರ್ಷದ ಪ್ರಯೋಗ.

ಇನ್ನು ನಮ್ಮ ಜನಕ್ಕೆ ಒಂದು ಮಾತು. ಪಿಟಿಎಸ್‌ಡಿ ಅಂದರೆ ಸೈನಿಕರ ಕಾಯಿಲೆ ಅಷ್ಟೇ ಅಲ್ಲ. ಅಪಘಾತ, ಅತ್ಯಾಚಾರ, ಮನೆಯೊಳಗಿನ ಹಿಂಸೆ, ಯಾವುದರಿಂದಲೂ ಬರಬಹುದು. "ನೀವು ಮಿಲಿಟರಿಲಿದ್ರಾ?" ಎಂಬ ಪ್ರಶ್ನೆ ಗೌರವದಿಂದಲೇ ಕೇಳಿದ್ದಿರಬಹುದು. ಆದರೆ ಅಲ್ಲ ಎಂದು ಹೇಳುವವರು ಮುಂದಿನ ಪ್ರಶ್ನೆಗೆ ಏನು ಹೇಳಬೇಕು?

ಮಲ್ಲಿಗೆ_ಹೂಸ್ಟನ್
ದೇವಸ್ಥಾನದ ವಿಷಯ ಯಾರೂ ಎತ್ತಲಿಲ್ಲ. ಗರ್ಭಗುಡಿ ಮುಂದೆ ನಾಯಿ ಅಂದರೆ ಹಿರಿಯರು ಖಂಡಿತ ಒಪ್ಪಲ್ಲ. ಕಾನೂನು ಏನನ್ನುತ್ತೆ?

ಕಾನೂನುಕಟ್ಟೆ
@ಮಲ್ಲಿಗೆ_ಹೂಸ್ಟನ್ ಮೇಡಂ, ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ಭಾಗ ಅನ್ವಯಿಸುವುದಿಲ್ಲ. ದೇವಸ್ಥಾನ, ಚರ್ಚು, ಮಸೀದಿ ಎಲ್ಲವೂ ಹೊರಗೆ. ಬಿಡುವುದು ಬಿಡದಿರುವುದು ಸಮಿತಿಯ ತೀರ್ಮಾನ. ರಾಜ್ಯದ ಕಾನೂನು ಬೇರೇನಾದರೂ ಹೇಳುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಸಿಕ್ಕು ಬರುವುದು ದೇವಸ್ಥಾನದ ಹಾಲ್‌ನಲ್ಲಿ. ದೇವಸ್ಥಾನವೇ ನಡೆಸುವ ಕಾರ್ಯಕ್ರಮಕ್ಕೆ ವಿನಾಯಿತಿ ಇದೆ. ಧಾರ್ಮಿಕವಲ್ಲದ ಸಂಘವೊಂದು ಅದೇ ಹಾಲನ್ನು ಬಾಡಿಗೆ ಕೊಟ್ಟು ಪಡೆದು, ಟಿಕೆಟ್ ಮಾರಿ, ಯಾರು ಬೇಕಾದರೂ ಬನ್ನಿ ಎಂದು ರಾಜ್ಯೋತ್ಸವ ಮಾಡಿದರೆ ಆ ಸಂಘಕ್ಕೆ ಎಡಿಎ ಅನ್ವಯಿಸುತ್ತದೆ. ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದರೂ ಅಷ್ಟೇ. "ಇದು ನಮ್ಮ ಖಾಸಗಿ ಕೂಟ" ಎನ್ನುವ ಮಾತು ಟಿಕೆಟ್ ಕೌಂಟರ್ ತೆರೆದ ಮೇಲೆ ನಿಲ್ಲುವುದು ಕಷ್ಟ.

ಮನೋಲಹರಿ
ಬಿಡುವುದಿಲ್ಲ ಎಂದು ಸಮಿತಿ ತೀರ್ಮಾನಿಸಿದರೆ ಅದನ್ನು ದೇವಸ್ಥಾನದ ವೆಬ್‌ಸೈಟಿನಲ್ಲಿ ಮೊದಲೇ ಹಾಕಿ. ಬಾಗಿಲಲ್ಲಿ ನಾಲ್ಕು ಜನರೆದುರು ಹೇಳಿಸಿಕೊಳ್ಳುವುದು ಬೇರೆ, ಮನೆಯಲ್ಲೇ ಓದಿ ತಿಳಿಯುವುದು ಬೇರೆ. ಜನಸಂದಣಿ ಇಲ್ಲದ ಹೊತ್ತು ಯಾವುದು, ಪ್ರಾಂಗಣದವರೆಗೆ ಬರಬಹುದೇ ಅನ್ನುವುದನ್ನೂ ಬರೆಯಿರಿ. "ನಾಯಿ ನಾವು ಹಿಡ್ಕೋತೀವಿ, ನೀವು ಹೋಗಿ ಬನ್ನಿ" ಎನ್ನುವ ಸ್ವಯಂಸೇವಕರಿಗೆ ಒಂದು ಎಚ್ಚರಿಕೆ: ಅಪರಿಚಿತರ ಕೈಯಲ್ಲಿ ನಾಯಿಯೂ ನಿಲ್ಲುವುದಿಲ್ಲ, ಯಜಮಾನರ ಮನಸ್ಸೂ ನಿಲ್ಲುವುದಿಲ್ಲ. ಅವರಿಗೆ ಗೊತ್ತಿರುವವರೇ ಹಿಡಿದುಕೊಳ್ಳಲಿ.

ಬಾಳೆಎಲೆ_ನ್ಯೂಜೆರ್ಸಿ
ಬಫೆ ಇರೋ ಕಡೆ? ಆರೋಗ್ಯ ಇಲಾಖೆಯವರು ಬಂದು ದಂಡ ಹಾಕಿದರೆ?

ಕಾನೂನುಕಟ್ಟೆ
ಊಟದ ಸಾಲಿಗೂ ನಾಯಿ ಜೊತೆಗೆ ಬರಬಹುದು. ಸ್ಥಳೀಯ ಆರೋಗ್ಯ ನಿಯಮ "ಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂದರೂ ಗಿರಾಕಿಗಳು ಓಡಾಡುವ ಜಾಗದಲ್ಲಿ ಸರ್ವಿಸ್ ಡಾಗ್‌ಗೆ ಅದು ತಾಗುವುದಿಲ್ಲ. ಕುರ್ಚಿ ಮೇಲೆ ಕೂರಿಸಲು, ಟೇಬಲ್ಲಿನಲ್ಲಿ ತಿನ್ನಿಸಲು ಒಪ್ಪಬೇಕಿಲ್ಲ. ಒಮ್ಮೆ ಬೊಗಳಿದ್ದನ್ನೋ, ಯಾರೋ ಬಾಲ ತುಳಿದಾಗ ಬೊಗಳಿದ್ದನ್ನೋ ಹಿಡಿತ ತಪ್ಪಿದ್ದು ಎನ್ನಲಾಗದು. ನಾಟಕ ನಡೆಯುವಾಗ ಮತ್ತೆ ಮತ್ತೆ ಬೊಗಳಿದರೆ ಎನ್ನಬಹುದು. ನಾಯಿಗೆಂದು ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ. ಏನಾದರೂ ಹಾಳು ಮಾಡಿದರೆ, ಬೇರೆ ಗಿರಾಕಿಗಳಿಂದ ವಸೂಲಿ ಮಾಡುವ ಪದ್ಧತಿ ಇದ್ದರೆ, ಇವರಿಂದಲೂ ಮಾಡಬಹುದು.

ಬೆಲ್ಟ್_ಬಿಸ್ಕತ್ತು
ಕಾರ್ಯಕ್ರಮಗಳಲ್ಲಿ ನಿಜವಾದ ತೊಂದರೆ ಬಾಗಿಲಲ್ಲಲ್ಲ, ಒಳಗೆ. ಮಕ್ಕಳು ಓಡಿ ಬಂದು ತಬ್ಬಿಕೊಳ್ತಾರೆ, ದೊಡ್ಡವರು "ಚು ಚು" ಅಂತಾರೆ, ಯಾರೋ ಒಂದು ಚೂರು ಮೈಸೂರ್ ಪಾಕ್ ಎಸೀತಾರೆ. ಆತಂಕದ ಮೊದಲ ಲಕ್ಷಣ ಅರ್ಧ ನಿಮಿಷದಲ್ಲಿ ಬಂದು ಹೋಗುತ್ತೆ. ಅದೇ ಹೊತ್ತಿಗೆ ನಾಯಿ ಮೈಸೂರ್ ಪಾಕ್ ಕಡೆ ತಿರುಗಿದ್ರೆ ಎಚ್ಚರಿಕೆ ತಪ್ಪಿತು ಅಂತಲೇ ಲೆಕ್ಕ. ಮಾತಾಡೋದಿದ್ರೆ ಮನುಷ್ಯರ ಜೊತೆ ಮಾತಾಡಿ. ಫೋಟೋ ಬೇಡ. ಮುಟ್ಟಬಹುದಾ ಅಂತ ಕೇಳಿ, ಬೇಡ ಅಂದ್ರೆ ಮುನಿಸಿಕೊಳ್ಳಬೇಡಿ.

ಊರಿಂದ ಬಂದ ಅಪ್ಪ ಅಮ್ಮಂದಿರು ಬೀದಿನಾಯಿಗಳ ನಡುವೆ ಬದುಕಿದೋರು, ಹೆದರೋದು ಸಹಜ. ಅವರನ್ನ ನಾಯಿ ಹಿಂದಿನ ಸಾಲಲ್ಲಿ ಕೂರಿಸಿ, ಓಡಾಡೋ ದಾರಿ ಬೇರೆ ಮಾಡಿ. ದೀಪಾವಳಿ ಕಾರ್ಯಕ್ರಮದಲ್ಲಿ ಪಟಾಕಿ ಇದ್ರೆ ಯಾವ ಹೊತ್ತಿಗೆ ಅಂತ ಆಹ್ವಾನದಲ್ಲೇ ಹಾಕಿ. ನಾಯಿಗಿಂತ ಹೆಚ್ಚಾಗಿ ಯಜಮಾನರಿಗೆ ಆ ಮಾಹಿತಿ ಬೇಕು.

ಕ್ಯೂಬಿಕಲ್_ಕನ್ನಡಿಗ
ಆಫೀಸಿಗೆ ತರೋದಾದರೆ ಇದೇ ಎರಡು ಪ್ರಶ್ನೆ ಸಾಕಾ?

ಕಾನೂನುಕಟ್ಟೆ
ಇಲ್ಲ, ಉದ್ಯೋಗಕ್ಕೆ ಎಡಿಎಯ ಬೇರೆ ಭಾಗ. 15 ಅಥವಾ ಹೆಚ್ಚು ನೌಕರರಿರುವ ಕಂಪನಿಗೆ ಅನ್ವಯ. ಅಲ್ಲಿ ನಾಯಿ ತರುವುದು ನೀವು ಕೇಳಿಕೊಳ್ಳಬೇಕಾದ ಸೌಲಭ್ಯ. ವೈಕಲ್ಯ ಕಣ್ಣಿಗೆ ಕಾಣದಿದ್ದರೆ ಕಂಪನಿ ವೈದ್ಯರ ಪತ್ರ ಕೇಳಬಹುದು. ಎಚ್‌ಆರ್‌ಗೆ ಕೊಟ್ಟ ಪತ್ರ ಗೋಪ್ಯವಾಗಿರಬೇಕು, ಪಕ್ಕದ ಸೀಟಿನವರಿಗೆ ಕಾರಣ ಹೇಳುವಂತಿಲ್ಲ. ಬಾಡಿಗೆ ಮನೆಗೆ ಇನ್ನೊಂದು ಕಾಯ್ದೆ, ಫೇರ್ ಹೌಸಿಂಗ್.

ಮಲ್ಲಿಗೆ_ಹೂಸ್ಟನ್
ನಾಯಿ ಜೊತೆ ಬೆಂಗಳೂರಿಗೆ ಹೋಗಿ ಬರೋದು ಸಾಧ್ಯವಾ?

ಬೆಲ್ಟ್_ಬಿಸ್ಕತ್ತು
ಸಾಧ್ಯ, ಆದ್ರೆ ತಿಂಗಳುಗಟ್ಟಲೆ ಮೊದಲೇ ಶುರು ಮಾಡಬೇಕು. ಅಮೆರಿಕದ ಸಾರಿಗೆ ಇಲಾಖೆಯ ನಿಯಮ 2021ರ ಜನವರಿ 11ರಿಂದ ಬದಲಾಯ್ತು. ವಿಮಾನದಲ್ಲಿ ಸರ್ವಿಸ್ ಡಾಗ್ ಅಂದರೆ ತರಬೇತಾದ ನಾಯಿ ಮಾತ್ರ, ಎಮೋಷನಲ್ ಸಪೋರ್ಟ್ ನಾಯಿಯನ್ನ ಸಾಕುಪ್ರಾಣಿ ಲೆಕ್ಕಕ್ಕೆ ಹಾಕಬಹುದು. ಒಳ್ಳೇದಾಗಿದ್ದು ಏನಂದ್ರೆ, ಅಲ್ಲಿವರೆಗೂ ಮಾನಸಿಕ ತೊಂದರೆಗೆ ನಾಯಿ ಇಟ್ಟುಕೊಂಡೋರಿಂದ ಮಾತ್ರ ಡಾಕ್ಟರ್ ಪತ್ರ ಕೇಳಬಹುದಿತ್ತು. ಈಗ ಎಲ್ಲರಿಗೂ ಒಂದೇ ಫಾರಂ. ಆರೋಗ್ಯ, ನಡವಳಿಕೆ, ತರಬೇತಿ ಬಗ್ಗೆ ಆ ಫಾರಂ. 8 ಗಂಟೆ ಅಥವಾ ಅದಕ್ಕಿಂತ ಉದ್ದದ ಹಾರಾಟಕ್ಕೆ ಮಲಮೂತ್ರದ ಬಗ್ಗೆ ಇನ್ನೊಂದು. ಎರಡನ್ನೂ ವಿಮಾನ ಕಂಪನಿ 48 ಗಂಟೆ ಮೊದಲು ಕೇಳಬಹುದು. ನಾಯಿ ನಿಮ್ಮ ಕಾಲ ಬಳಿಯ ಜಾಗದಲ್ಲಿ ಹಿಡಿಸಬೇಕು.

ಬೆಂಗಳೂರಲ್ಲಿ ಇಳಿಯೋಕೆ ಪ್ರಾಣಿ ಕ್ವಾರಂಟೈನ್ ಇಲಾಖೆ, ಎಕ್ಯೂಸಿಎಸ್, ಇದರ ನಿರಾಕ್ಷೇಪಣಾ ಪತ್ರ ಬೇಕು. ಜನ ಎಡವೋದು ವಾಪಸ್ ಬರುವಾಗ. ಹುಚ್ಚುನಾಯಿ ರೋಗದ ಹೆಚ್ಚಿನ ಅಪಾಯ ಇರೋ ದೇಶಗಳ ಪಟ್ಟಿಯಲ್ಲಿ ಭಾರತ ಇದೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ. ಅಮೆರಿಕದಲ್ಲಿ ರೇಬೀಸ್ ಲಸಿಕೆ ಹಾಕಿಸಿದ್ದಕ್ಕೆ ಪ್ರಮಾಣಪತ್ರವನ್ನ ಹೊರಡೋ ಮೊದಲೇ ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಮಾನ್ಯತೆ ಇರೋ ವೆಟ್ ಹತ್ತಿರ ತುಂಬಿಸಿ, ಯುಎಸ್‌ಡಿಎ ಮುದ್ರೆ ಹಾಕಿಸಿಕೊಂಡಿರಬೇಕು. ಮೈಕ್ರೋಚಿಪ್ ಮೊದಲು, ಲಸಿಕೆ ಆಮೇಲೆ. ಕ್ರಮ ತಪ್ಪಿದ್ರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಸರ್ವಿಸ್ ಡಾಗ್ ಅಂತ ಇದರಲ್ಲಿ ರಿಯಾಯ್ತಿ ಸಿಗಲ್ಲ.

ಬಾಳೆಎಲೆ_ನ್ಯೂಜೆರ್ಸಿ
ಎಲ್ಲರಿಗೂ ಧನ್ಯವಾದ. ಕ್ಯಾಶ್ ಕೌಂಟರ್ ಹಿಂದೆ ಅಂಟಿಸೋಕೆ ಈ ಚೀಟಿ ಸಾಕಾ ನೋಡಿ: "ನಾಯಿ ಜೊತೆ ಬಂದವರಿಗೆ ಮೊದಲು ನಮಸ್ಕಾರ. ಗೊತ್ತಾಗದಿದ್ದರೆ ಎರಡು ಪ್ರಶ್ನೆ, ಮೆಲ್ಲಗೆ. ಉತ್ತರ ಬಂದ ಮೇಲೆ ಮತ್ತೆ ಕೇಳಬೇಡಿ. ಮೂಲೆ ಟೇಬಲ್ಲಿಗೆ ಕರೆದುಕೊಂಡು ಹೋಗಿ. ನಾಯಿ ರಂಪ ಮಾಡಿದರೆ ಮ್ಯಾನೇಜರ್‌ನ ಕರೆಯಿರಿ."

ಕಾನೂನುಕಟ್ಟೆ
ನಾಲ್ಕನೇ ಸಾಲು ತೆಗೆಯಿರಿ. ಬೇರೆ ಗಿರಾಕಿಗಳಿಂದ ದೂರ ಕೂರಿಸುವುದೂ ತಾರತಮ್ಯವೇ. "ಯಾವ ಟೇಬಲ್ ಅನುಕೂಲ ಅಂತ ಅವರನ್ನೇ ಕೇಳಿ" ಎಂದು ಬದಲಾಯಿಸಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರಲು ಇಷ್ಟಪಡುವವರು ಪಿಟಿಎಸ್‌ಡಿ ಇರುವವರಲ್ಲಿ ಹಲವರು. ಮೂಲೆ ಬೇಕಿದ್ದರೆ ಅವರೇ ಹೇಳುತ್ತಾರೆ.